ಆ ಕೋಣೆಯ ದನಿಗಳು

ಕೇಳುಗರೆಲ್ಲರಿಗೂ ನಮಸ್ಕಾರ.

1974ನೇ ಇಸವಿ, ಡಿಸೆಂಬರ್ 10. ಅಮೆರಿಕದ ಶ್ವೇತಭವನದಲ್ಲಿ ಅಧ್ಯಕ್ಷರು ಕೂತು ಕೆಲಸ ಮಾಡುವ ಒಂದು ಕೋಣೆ ಇದೆ. ಮೊಟ್ಟೆಯ ಆಕಾರದ ಕೋಣೆ. ಅದಕ್ಕೇ ಓವಲ್ ಆಫೀಸ್ ಅಂತ ಹೆಸರು. ಆ ದಿನ ಅಲ್ಲಿಗೆ ಮಹಮ್ಮದ್ ಅಲಿ ಬಂದರು. ಹೌದು, ಬಾಕ್ಸಿಂಗ್‌ನ ಅಲಿ. ಆರು ವಾರದ ಹಿಂದಷ್ಟೇ ಆಫ್ರಿಕಾದ ಕಿನ್ಶಾಸಾದಲ್ಲಿ ಜಾರ್ಜ್ ಫೋರ್ಮನ್‌ರನ್ನು ಎಂಟನೇ ಸುತ್ತಿನಲ್ಲಿ ಕೆಡವಿ ಮತ್ತೆ ಜಗಜ್ಜಟ್ಟಿ ಆಗಿದ್ದರು. ವಿಯೆಟ್ನಾಂ ಯುದ್ಧಕ್ಕೆ ಹೋಗಲ್ಲ ಅಂದಿದ್ದಕ್ಕೆ 1967ರಲ್ಲಿ ಇದೇ ಮನುಷ್ಯನ ಪಟ್ಟ ಕಿತ್ತುಕೊಂಡಿದ್ದರು. ಮೂರೂವರೆ ವರ್ಷ ರಿಂಗಿಗೆ ಇಳಿಯಲು ಬಿಟ್ಟಿರಲಿಲ್ಲ. ಈಗ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಅವರೇ ಕರೆದು ಕೈಕುಲುಕುತ್ತಿದ್ದಾರೆ. ಫೋರ್ಡ್ ಕೂಡ ಆಟಗಾರರೇ. ಮಿಷಿಗನ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದಲ್ಲಿ ಆಡಿದವರು.

ನನ್ನನ್ನು ಒಳಗೆ ಬಿಟ್ಟದ್ದು ತಪ್ಪಾಯಿತು, ಇನ್ನು ನಿಮ್ಮ ಕುರ್ಚಿಗೇ ಸ್ಪರ್ಧಿಸ್ತೀನಿ ಅಂತ ಅಲಿ ತಮಾಷೆ ಮಾಡಿದರಂತೆ. ಈ "ಅಂತೆ" ಅನ್ನೋ ಮಾತೇ ನನಗೆ ಸಂಕಟ. ಆ ಭೇಟಿಯ ಫೋಟೋಗಳಿವೆ. ಆದರೆ ಕೋಣೆಯ ಟೇಪ್ ಇಲ್ಲ. ಅಲಿ ಅದನ್ನು ಯಾವ ಧಾಟಿಯಲ್ಲಿ ಹೇಳಿದರು, ಫೋರ್ಡ್ ಎಷ್ಟು ಹೊತ್ತು ನಕ್ಕರು, ಇದೆಲ್ಲ ಹೋಯಿತು. ಮೂವತ್ತು ವರ್ಷ ಕಾಲ ಹಳೆಯ ಟೇಪುಗಳ ಧೂಳು ಒರೆಸಿ, ಸುತ್ತಿ, ಕಾಪಾಡಿದವಳು ನಾನು. ಅದಕ್ಕೇ ಇವತ್ತು ನಿಮಗೆ ಒಂದೇ ಒಂದು ಮಾತು ಹೇಳಬೇಕು ಅಂತ ಬಂದಿದ್ದೀನಿ. ಬರೆದದ್ದನ್ನು ತಿದ್ದಬಹುದು, ಆಡಿದ ದನಿಯನ್ನು ತಿದ್ದುವುದು ಅಷ್ಟು ಸುಲಭವಲ್ಲ. ದನಿಯನ್ನು ಉಳಿಸಿಕೊಳ್ಳಿ.

ಅದೇ ಕೋಣೆಯಲ್ಲಿ ಒಂದೂವರೆ ವರ್ಷದ ಹಿಂದಿನವರೆಗೂ ಟೇಪ್ ಓಡುತ್ತಲೇ ಇತ್ತು. ಫೋರ್ಡ್‌ಗಿಂತ ಮೊದಲು ಇದ್ದವರು ರಿಚರ್ಡ್ ನಿಕ್ಸನ್. 1971ರ ಫೆಬ್ರವರಿಯಲ್ಲಿ ಅವರು ಗುಟ್ಟಾಗಿ ಮೈಕುಗಳನ್ನು ಹಾಕಿಸಿದರು. ಮೇಜಿನಲ್ಲಿ ಐದು, ಅಗ್ಗಿಷ್ಟಿಕೆಯ ಪಕ್ಕದ ದೀಪಗಳಲ್ಲಿ ಎರಡು. ಯಾರಾದರೂ ಮಾತಾಡಿದರೆ ಸಾಕು, ಯಂತ್ರ ತಾನಾಗಿಯೇ ಶುರು. ಗುಂಡಿ ಒತ್ತುವ ಕೆಲಸವೇ ಇಲ್ಲ. ಎದುರಿಗೆ ಕೂತ ಹೆಚ್ಚಿನವರಿಗೆ ಇದು ಗೊತ್ತೇ ಇರಲಿಲ್ಲ. ಆಮೇಲೆ ಬೇರೆ ಕೋಣೆಗಳಿಗೂ ಫೋನುಗಳಿಗೂ ಹಾಕಿಸಿದರು. ಎಲ್ಲ ಸೇರಿ ಸುಮಾರು 3,700 ಗಂಟೆ ಮಾತು!

1972ರ ಜೂನ್ 17ರಂದು ವಾಟರ್‌ಗೇಟ್ ಕಟ್ಟಡದಲ್ಲಿದ್ದ ವಿರೋಧ ಪಕ್ಷದ ಕಚೇರಿಗೆ ನುಗ್ಗಿದವರು ಸಿಕ್ಕಿಬಿದ್ದರು. ಇದರಲ್ಲಿ ಅಧ್ಯಕ್ಷರ ಪಾತ್ರ ಏನು? ತನಿಖೆ ವರ್ಷವಾದರೂ ಮುಗಿಯಲಿಲ್ಲ. 1973ರ ಜುಲೈ 16ರಂದು ಅಲೆಕ್ಸಾಂಡರ್ ಬಟರ್‌ಫೀಲ್ಡ್ ಅನ್ನುವ ಸಹಾಯಕರು ಸೆನೆಟ್ ಸಮಿತಿಯ ಮುಂದೆ ಕೂತರು. ಅಧ್ಯಕ್ಷರ ಕೋಣೆಯಲ್ಲಿ ಮೈಕುಗಳಿರುವುದು ನಿಮಗೆ ಗೊತ್ತೇ ಅಂತ ಸಮಿತಿಯವರು ಕೇಳಿದರು. ಗೊತ್ತು ಅಂದರು. ಇಡೀ ದೇಶ ಟಿವಿ ಮುಂದೆ ದಂಗಾಗಿ ಕೂತಿತು. ಎರಡೇ ದಿನದಲ್ಲಿ ಯಂತ್ರ ನಿಂತಿತು.

ಇನ್ನು ನನಗೆ ತುಂಬಾ ಇಷ್ಟವಾದ ಕಥೆ. ಒಲೆ ಸಣ್ಣ ಮಾಡಿ ಕೇಳಿ.

ವಾಟರ್‌ಗೇಟ್ ಕಳ್ಳತನವಾಗಿ ಮೂರನೇ ದಿನ, ಅಂದರೆ 1972ರ ಜೂನ್ 20. ನಿಕ್ಸನ್ ತಮ್ಮ ಬಲಗೈಯಂತಿದ್ದ ಹಾಲ್ಡಮನ್ ಜೊತೆ ಮಾತಾಡಿದ್ದರು. ಆ ಟೇಪು ಕೋರ್ಟಿಗೆ ಬಂದಾಗ ನೋಡಿದರೆ, ಅದರಲ್ಲಿ 18 ನಿಮಿಷ 30 ಸೆಕೆಂಡು ಮಾತೇ ಇಲ್ಲ! ಬರೀ ಗುಂಯ್ ಅನ್ನುವ ಸದ್ದು. ಯಾರು ಅಳಿಸಿದರು? ನಿಕ್ಸನ್ ಅವರ ಕಾರ್ಯದರ್ಶಿ ರೋಸ್ ಮೇರಿ ವುಡ್ಸ್ ಅವರನ್ನು ಕರೆಸಿದರು. 1951ರಿಂದ ಅವರ ಜೊತೆಗಿದ್ದ ಹೆಂಗಸು. ಟೇಪು ಕೇಳಿ ಕೇಳಿ ಟೈಪ್ ಮಾಡುವ ಕೆಲಸ. ಯಂತ್ರಕ್ಕೆ ಹೊಲಿಗೆ ಮಿಷನ್ ಹಾಗೆ ಕಾಲಲ್ಲಿ ಒತ್ತುವ ಪೆಡಲ್. ಅವರು ಹೇಳಿದ್ದಿಷ್ಟು. ಫೋನ್ ಬಂತು, ನಿಲ್ಲಿಸುವ ಗುಂಡಿಯ ಬದಲು ರೆಕಾರ್ಡ್ ಗುಂಡಿ ಒತ್ತಿದೆ, ಪೆಡಲ್ ಮೇಲಿದ್ದ ಕಾಲು ಹಾಗೇ ಇತ್ತು, ಐದು ನಿಮಿಷ ಅಳಿಸಿರಬಹುದು.

ಸರಿ, ತೋರಿಸಿ ಅಂದರು. ಅವರು ತಮ್ಮ ಕುರ್ಚಿಯಲ್ಲಿ ಕೂತು ತೋರಿಸಿದರು. ಆ ಫೋಟೋ ಜಗತ್ತೆಲ್ಲ ಸುತ್ತಿತು. ಒಂದು ಕಾಲು ಮುಂದೆ ಪೆಡಲ್ ಮೇಲೆ, ಮೈಯೆಲ್ಲ ಹಿಂದಕ್ಕೆ ಬಿಲ್ಲಿನ ಹಾಗೆ ಬಾಗಿ, ಕೈ ದೂರದ ಫೋನಿಗೆ. ನೀವೂ ಒಮ್ಮೆ ಮಾಡಿ ನೋಡಿ. ಹೊಲಿಗೆ ಮಿಷನ್ ಪೆಡಲ್ ಮೇಲೆ ಕಾಲಿಟ್ಟುಕೊಂಡು ಹಿಂದಿನ ಶೆಲ್ಫಿಗೆ ಕೈ ಚಾಚಿ. ಐದು ನಿಮಿಷ ಹಾಗೆ ಇರಲು ಆಗುತ್ತಾ? ಅರ್ಧ ನಿಮಿಷಕ್ಕೇ ಸೊಂಟ ಹಿಡಿಯುತ್ತೆ. ಕೋರ್ಟು ತಜ್ಞರಿಂದ ಟೇಪು ಪರೀಕ್ಷೆ ಮಾಡಿಸಿತು. ಕಡಿಮೆ ಅಂದರೂ ಐದು ಸಲ ಬೇರೆ ಬೇರೆಯಾಗಿ ಅಳಿಸಿದ್ದಾರೆ ಅಂತ ಅವರು ಹೇಳಿದರು. ಕೈಯಿಂದ ಗುಂಡಿ ಒತ್ತಿಯೇ ಅಳಿಸಿದ್ದು. ಯಾರ ಕೈ ಅಂತ ಇವತ್ತಿಗೂ ಸಾಬೀತಾಗಿಲ್ಲ. ಆ ದಿನ ವಾಟರ್‌ಗೇಟ್ ವಿಷಯ ಬಂದಿತ್ತು ಅನ್ನುವುದು ಹಾಲ್ಡಮನ್ ಗೀಚಿಕೊಂಡ ಚೀಟಿಯಿಂದ ಮಾತ್ರ ಗೊತ್ತು. 2003ರವರೆಗೂ ಅಮೆರಿಕದ ರಾಷ್ಟ್ರೀಯ ಪತ್ರಾಗಾರ ಆ ದನಿಯನ್ನು ವಾಪಸ್ ತರಲು ಪ್ರಯತ್ನ ಪಟ್ಟಿತು. ಬರಲಿಲ್ಲ. ಅಳಿಸಿದ್ದು ಅಳಿಸಿದ್ದೇ.

ಅಯ್ಯೋ, ಗಡಿಯಾರ ಓಡುತ್ತಿದೆ. ಉಳಿದದ್ದನ್ನು ಬೇಗ ಹೇಳ್ತೀನಿ.

ಟೇಪು ಕೊಡಿ ಅಂದಾಗ ನಿಕ್ಸನ್ ಏನು ಮಾಡಿದರು ಗೊತ್ತಾ? 1974ರ ಏಪ್ರಿಲ್‌ನಲ್ಲಿ ಟೈಪ್ ಮಾಡಿದ 1,200ಕ್ಕೂ ಜಾಸ್ತಿ ಪುಟ ಕೊಟ್ಟರು. ದನಿ ಬೇಡ, ಕಾಗದ ಸಾಕು ಅಂತ! ಸಂಸತ್ತಿನ ಸಮಿತಿಯವರು ತಮ್ಮ ಬಳಿ ಇದ್ದ ಟೇಪುಗಳ ಜೊತೆ ಇಟ್ಟು ನೋಡಿದರು. ಮಾತುಗಳು ಬೇರೆ, ಸಾಲುಗಳೇ ಮಾಯ. ನಾನು ಹೇಳಿದ್ದು ಇದನ್ನೇ. ಬರೆದದ್ದನ್ನು ತಿದ್ದಬಹುದು.

ಜುಲೈ 24ರಂದು ಸುಪ್ರೀಂ ಕೋರ್ಟು 8-0 ತೀರ್ಪು ಕೊಟ್ಟಿತು, ಟೇಪು ಒಪ್ಪಿಸಿ ಅಂತ. ಯುದ್ಧಕ್ಕೆ ಹೋಗಲ್ಲ ಅಂದಿದ್ದಕ್ಕೆ ಅಲಿಗೆ ಆಗಿದ್ದ ಶಿಕ್ಷೆಯನ್ನು 1971ರಲ್ಲಿ ರದ್ದು ಮಾಡಿದ ತೀರ್ಪೂ 8-0. ಅದೇ ಕೋರ್ಟು. ಟೇಪು ಹೊರಗೆ ಬಂತು. ಕಳ್ಳತನವಾಗಿ ಆರನೇ ದಿನಕ್ಕೇ, ಅಂದರೆ 1972ರ ಜೂನ್ 23ಕ್ಕೆ, ಕೇಂದ್ರದ ಪೊಲೀಸರಾದ ಎಫ್‌ಬಿಐನ ತನಿಖೆಯನ್ನು ಗುಪ್ತಚರ ಸಂಸ್ಥೆ ಸಿಐಎ ಮೂಲಕ ತಡೆಯುವ ಹಾಲ್ಡಮನ್ ಯೋಜನೆಗೆ ನಿಕ್ಸನ್ ಹೂಂ ಅಂದಿದ್ದರು. ಅವರದ್ದೇ ದನಿಯಲ್ಲಿ. ಆಗಸ್ಟ್ 5ಕ್ಕೆ ಆ ಟೇಪಿನ ಮಾತುಗಳ ಬರಹ ಜನರ ಕೈಗೆ ಬಂತು. 9ಕ್ಕೆ ನಿಕ್ಸನ್ ಕುರ್ಚಿ ಬಿಟ್ಟರು.

ನಮಗೇನು ಸಂಬಂಧ ಅನ್ನಬೇಡಿ. 1971ರ ನವೆಂಬರ್ 4ರಂದು ಇಂದಿರಾ ಗಾಂಧಿಯವರು ಆ ಕೋಣೆಗೆ ಹೋಗಿದ್ದರು. ಬಾಂಗ್ಲಾ ನಿರಾಶ್ರಿತರ ಸಂಕಟ ಹೇಳಿಕೊಳ್ಳಲು. ಹೊರಗೆ ಗೌರವದ ಸ್ವಾಗತ. ಮರುದಿನ ಬೆಳಿಗ್ಗೆ ನಿಕ್ಸನ್, ಸಲಹೆಗಾರ ಕಿಸಿಂಜರ್ ಜೊತೆ ಕೂತು ನಮ್ಮ ಪ್ರಧಾನಿಯನ್ನು ಮುದಿ ಮಾಟಗಾತಿ ಅಂದರು. ಅದು 2005ರಲ್ಲಿ ಹೊರಬಂತು. ಕಿಸಿಂಜರ್ ವಿಷಾದ ಹೇಳಬೇಕಾಯಿತು. ಆ ಟೇಪು ಇಲ್ಲದಿದ್ದರೆ ನಮಗೆ ಉಳಿಯುತ್ತಿದ್ದದ್ದು ಹೂಗುಚ್ಛದ ಫೋಟೋ ಮಾತ್ರ.

ನಿಮ್ಮ ಮನೆಯ ಅಟ್ಟದ ಮೇಲೆ ಹಳೆಯ ಕ್ಯಾಸೆಟ್ ಇದೆಯಾ? ಅಜ್ಜಿಯ ಸೋಬಾನೆ ಹಾಡು, ಊರ ಸಭೆಯ ಜಗಳ, ಏನಾದರೂ ಇರಲಿ. ಅದರ ಅಂಚಿನಲ್ಲಿ ಎರಡು ಮೂಲೆಗೂ ಒಂದೊಂದು ಚಿಕ್ಕ ಪ್ಲಾಸ್ಟಿಕ್ ಚೂರು ಇರುತ್ತೆ. ಸ್ಕ್ರೂಡ್ರೈವರ್ ತುದಿಯಿಂದ ಎರಡನ್ನೂ ಮುರಿದುಬಿಡಿ. ಆಮೇಲೆ ಅದರ ಮೇಲೆ ಯಾರೂ ಮರೆತು ರೆಕಾರ್ಡ್ ಮಾಡಲು ಆಗಲ್ಲ. ಇವತ್ತು ಸಂಜೆಯೇ ಮಾಡಿ.

ನಮಸ್ಕಾರ.