ನನ್ನ ಐದು ಗಂಟೆ, ಅಮ್ಮನ ನಾಲ್ಕೂವರೆ

ಮೂರು ವರ್ಷದ ಹಿಂದೆ ನಾನು ಬೆಳಿಗ್ಗೆ ಐದಕ್ಕೆ ಏಳಲು ಶುರು ಮಾಡಿದೆ. ಯಾಕೆ ಅಂದರೆ ಎಲ್ಲರೂ ಏಳುತ್ತಿದ್ದರು. ಮೊಬೈಲ್ ತೆಗೆದರೆ ಸಾಕು, ಯಾರೋ ಒಬ್ಬರು ಕತ್ತಲಲ್ಲೇ ಎದ್ದು, ತಣ್ಣೀರು ಹುಯ್ದುಕೊಂಡು, ಧ್ಯಾನ ಮಾಡಿ, ಡೈರಿ ಬರೆದು, ಐದು ಕಿಲೋಮೀಟರ್ ಓಡಿ, ಏಳು ಗಂಟೆಯೊಳಗೆ ಜೀವನವನ್ನೇ ಗೆದ್ದವರ ಹಾಗೆ ನಗುತ್ತಿರುತ್ತಾರೆ. ನಾನೋ, ಏಳು ಗಂಟೆಗೆ ಅಲಾರಂನ ತಲೆಗೆ ಮೂರನೇ ಸಲ ಮೊಟಕುವವನು. ಹೊಟ್ಟೆ ಬೆಲ್ಟಿನ ಮೇಲೆ ಬಂದು ಕೂತಿತ್ತು. ತಪಾಸಣೆ ಮಾಡಿಸಿದರೆ ಸಕ್ಕರೆ ಗಡಿಯ ಹತ್ತಿರ ನಿಂತಿತ್ತು. ಹೆದರಿಕೆ ಆಯಿತು. ಎದ್ದೆ.

ಚೆನ್ನಾಗಿಯೇ ನಡೆಯಿತು. ಒಂದು ಲೋಟ ಬಿಸಿನೀರು. ಮ್ಯಾಟ್ ಹಾಸಿ ಹನ್ನೆರಡು ಸೂರ್ಯನಮಸ್ಕಾರ. ಹತ್ತು ನಿಮಿಷ ಕಣ್ಣು ಮುಚ್ಚಿ ಕೂರುವುದು. ಆಮೇಲೆ ಪಾರ್ಕಿನಲ್ಲಿ ನಡಿಗೆ. ವಾಪಸ್ ಬರುವ ಹೊತ್ತಿಗೆ ಮೇಜಿನ ಮೇಲೆ ರಾಗಿ ಅಂಬಲಿ, ಮೊಳಕೆ ಬಂದ ಹೆಸರುಕಾಳು, ಸಿಪ್ಪೆ ಸುಲಿದ ಐದು ಬಾದಾಮಿ. ನಾಲ್ಕು ತಿಂಗಳಲ್ಲಿ ಆರು ಕಿಲೋ ಇಳಿದೆ. ಆಫೀಸಿನಲ್ಲಿ ಸಿಕ್ಕವರಿಗೆಲ್ಲ ಉಪದೇಶ ಮಾಡುವ ಕಾಯಿಲೆ ಒಂದು ಹತ್ತಿಕೊಂಡಿತು. ಇದು ಸಕ್ಕರೆ ಕಾಯಿಲೆಗಿಂತ ಬೇಗ ಹರಡುತ್ತದೆ.

ಒಂದು ದಿನ ಊಟಕ್ಕೆ ಕೂತಾಗ ಇದನ್ನೇ ಕೊಚ್ಚಿಕೊಳ್ಳುತ್ತಿದ್ದೆ. ಶಿಸ್ತು ಇದ್ದರೆ ಯಾರು ಬೇಕಾದರೂ ಮಾಡಬಹುದು, ಮನಸ್ಸು ಮಾಡಬೇಕು ಅಷ್ಟೇ, ಅಂತ. ನನ್ನ ಹೆಂಡತಿ ತಟ್ಟೆಯಿಂದ ತಲೆ ಎತ್ತಲಿಲ್ಲ. "ರೀ, ನೀವು ಐದಕ್ಕೆ ಏಳೋಕೆ ಶುರು ಮಾಡಿದ ಮೇಲೆ ಅತ್ತೆ ನಾಲ್ಕೂವರೆಗೆ ಏಳ್ತಿದ್ದಾರೆ. ಗೊತ್ತಾ ನಿಮಗೆ?" ಅಂದಳು.

ಗೊತ್ತಿರಲಿಲ್ಲ. ನಿಜವಾಗಲೂ ಗೊತ್ತಿರಲಿಲ್ಲ. ಅದೇ ನಾಚಿಕೆಗೇಡು.

ಅಂಬಲಿ ತಾನಾಗಿ ಕುದಿಯುವುದಿಲ್ಲ ಅಲ್ವಾ. ಹಿಟ್ಟನ್ನು ತಣ್ಣೀರಿನಲ್ಲಿ ಕದಡಬೇಕು. ಗಂಟಾಗದ ಹಾಗೆ ತಿರುವುತ್ತ ಒಲೆ ಮುಂದೆ ನಿಲ್ಲಬೇಕು. ಆರಿಸಿ ಮಜ್ಜಿಗೆ ಬೆರೆಸಬೇಕು. ಹೆಸರುಕಾಳನ್ನು ಹಿಂದಿನ ದಿನವೇ ನೆನೆಹಾಕಿ, ನೀರು ಬಸಿದು, ಬಟ್ಟೆಯಲ್ಲಿ ಕಟ್ಟಿ ಇಡಬೇಕು. ನಾನು ಕಣ್ಣು ಮುಚ್ಚಿ ಉಸಿರನ್ನು ಗಮನಿಸುತ್ತಿದ್ದ ಆ ಹತ್ತು ನಿಮಿಷ ಅಡುಗೆಮನೆಯಿಂದ ಸದ್ದೇ ಬರುತ್ತಿರಲಿಲ್ಲ. ಎಂಥ ಶಾಂತಿ ಅಂದುಕೊಳ್ಳುತ್ತಿದ್ದೆ. ಅಮ್ಮ ನನ್ನ ಧ್ಯಾನ ಕೆಡದಿರಲಿ ಅಂತ ಪಾತ್ರೆಯನ್ನು ಬಟ್ಟೆ ಮೇಲೆ ಇಡುತ್ತಿದ್ದಳಂತೆ.

ಇವತ್ತು ನಾನು ಹೇಳಬೇಕೆಂದು ಕೂತಿರುವುದು ಇಷ್ಟೇ. ನಾವು 'ನನ್ನ ಸಮತೋಲನದ ಬದುಕು' ಅಂತ ತೋರಿಸುವುದರಲ್ಲಿ ಎಷ್ಟೋ ಸಲ ನಮ್ಮದು ಅರ್ಧವೇ. ಉಳಿದರ್ಧದ ಭಾರ ಮನೆಯ ಬೇರೆ ಯಾರದೋ ಸೊಂಟದ ಮೇಲಿರುತ್ತದೆ.

ಇದು ನನ್ನೊಬ್ಬನ ಮನೆ ಕಥೆಯೂ ಅಲ್ಲ. ಕೇಂದ್ರ ಸರ್ಕಾರದ ಅಂಕಿಅಂಶ ಇಲಾಖೆ 2024ರಲ್ಲಿ ಸಮಯ ಬಳಕೆಯ ಸಮೀಕ್ಷೆ ಮಾಡಿತು. ಯಾರು ದಿನದ ಎಷ್ಟು ಹೊತ್ತು ಏನು ಮಾಡುತ್ತಾರೆ ಅಂತ ಮನೆಮನೆಯಲ್ಲಿ ಕೇಳಿ ಬರೆದುಕೊಂಡರು. ಸಂಬಳವಿಲ್ಲದ ಮನೆಕೆಲಸ, ಅಂದರೆ ಅಡುಗೆ, ಕಸ, ಮುಸುರೆ, ಬಟ್ಟೆ, ಇವುಗಳಲ್ಲಿ ಹೆಂಗಸರು ದಿನಕ್ಕೆ ಕಳೆಯುವುದು ಸರಾಸರಿ 289 ನಿಮಿಷ. ಗಂಡಸರು 88 ನಿಮಿಷ. ಈ 88 ಕೂಡ ಎಲ್ಲ ಗಂಡಸರ ಸರಾಸರಿ ಅಲ್ಲ, ಕೆಲಸಕ್ಕೆ ಕೈ ಹಾಕಿದವರದ್ದು ಮಾತ್ರ. ಹಾಗೆ ಕೈ ಹಾಕಿದವರು ನೂರಕ್ಕೆ 27 ಜನ. ಹೆಂಗಸರಲ್ಲಿ ನೂರಕ್ಕೆ 81. ಹಿಂದಿನ ಸಮೀಕ್ಷೆ 2019ರದ್ದು. ಆಗ ಹೆಂಗಸರದು 299 ನಿಮಿಷ, ಗಂಡಸರದು 97. ನೋಡಿ, ಐದು ವರ್ಷದಲ್ಲಿ ಹೆಂಗಸರಿಗೆ ಹತ್ತು ನಿಮಿಷ ಉಳಿಯಿತು. ಗಂಡಸರು ಬಿಡುತ್ತಾರಾ, ಅವರೂ ಒಂಬತ್ತು ನಿಮಿಷ ಉಳಿಸಿಕೊಂಡರು.

289 ನಿಮಿಷ ಅಂದರೆ ಐದು ಗಂಟೆಗೆ ಹನ್ನೊಂದು ನಿಮಿಷ ಕಮ್ಮಿ. ಅಷ್ಟು ಹೊತ್ತು ಮನೆಗೆ ಕೊಟ್ಟ ಹೆಂಗಸಿಗೆ 'ನಿಮಗಾಗಿ ಸ್ವಲ್ಪ ಸಮಯ ಕೊಟ್ಟುಕೊಳ್ಳಿ ಮೇಡಂ' ಅಂತ ವಿಡಿಯೋದಲ್ಲಿ ಹೇಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಎಲ್ಲಿಂದ ಕೊಟ್ಟುಕೊಳ್ಳಲಿ? ಡಬ್ಬಿಯಲ್ಲಿ ಕೂಡಿಟ್ಟಿದ್ದಾಳಾ?

ಈ ಬೆಳಗಿನ ದಿನಚರಿಗಳನ್ನೆಲ್ಲ ಮೊದಲು ಹಾಕಿಕೊಟ್ಟವರು ಯಾರು ಅಂತ ಯೋಚಿಸಿ ನೋಡಿ. ಆಶ್ರಮದವರು, ರಾಜರು, ಸೈನಿಕರು, ಈಗ ದೊಡ್ಡ ಕಂಪನಿಗಳ ಯಜಮಾನರು. ಇವರಲ್ಲಿ ಹಾಲು ಉಕ್ಕೀತು ಅಂತ ಧ್ಯಾನದಿಂದ ಎದ್ದು ಓಡಬೇಕಾದವರು ಎಷ್ಟು ಜನ? ವಾಗ್ಭಟನ ಆಯುರ್ವೇದ ಗ್ರಂಥದಲ್ಲಿ ದಿನಚರಿಯ ಅಧ್ಯಾಯ ಇದೆ. ಬ್ರಾಹ್ಮೀ ಮುಹೂರ್ತದಲ್ಲಿ ಏಳು, ಹಲ್ಲುಜ್ಜು, ಮೈಗೆ ಎಣ್ಣೆ ಹಚ್ಚು, ವ್ಯಾಯಾಮ ಮಾಡು, ಸ್ನಾನ ಮಾಡು. ಒಳ್ಳೆಯ ಮಾತುಗಳೇ. ವ್ಯಾಯಾಮವನ್ನು ಅರ್ಧ ಶಕ್ತಿಯಷ್ಟೇ ಮಾಡು ಅನ್ನುತ್ತಾನೆ, ಜಿಮ್ಮಿಗೆ ಸೇರಿದ ಮೊದಲ ವಾರವೇ ಭುಜ ಹಿಡಿಸಿಕೊಂಡ ನನ್ನಂಥವರು ಗೋಡೆಗೆ ಬರೆದುಕೊಳ್ಳಬೇಕು. ಆದರೂ ಓದುವಾಗ ನನಗೆ ಬರುವ ಪ್ರಶ್ನೆ ಒಂದೇ. ಎಣ್ಣೆ ಬೆಚ್ಚಗೆ ಮಾಡಿಕೊಟ್ಟವರು ಯಾರು? ಹಂಡೆಗೆ ಉರಿ ಹಾಕಿದವರು ಯಾವಾಗ ಎದ್ದರು?

ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ 1933ರಲ್ಲಿ ಯೋಗಶಾಲೆ ಶುರುವಾಯಿತು. ನಾಲ್ವಡಿಯವರ ಆಶ್ರಯ, ಕೃಷ್ಣಮಾಚಾರ್ಯರ ಪಾಠ. ಬಿ.ಕೆ.ಎಸ್. ಅಯ್ಯಂಗಾರ್, ಪಟ್ಟಾಭಿ ಜೋಯಿಸ್ ಇವರೆಲ್ಲ ಅದೇ ಗುರುವಿನ ಶಿಷ್ಯರು. ಇವತ್ತು ಪ್ರಪಂಚದ ತುಂಬ ಮ್ಯಾಟ್ ಹಾಸಿ ಮಾಡುವ ಯೋಗದ ದೊಡ್ಡ ಪಾಲು ಅಲ್ಲಿಂದ ಹರಿದದ್ದು. ಹೆಮ್ಮೆಯ ವಿಷಯ. ಆದರೆ ಆ ಶಾಲೆಯಲ್ಲಿ ಕಲಿಯುತ್ತಿದ್ದದ್ದು ಹೆಚ್ಚಾಗಿ ಹುಡುಗರು. ಬೆಳಿಗ್ಗೆ ಎದ್ದು ಒಲೆ ಹಚ್ಚುವ ಚಿಂತೆ ಅವರಿಗೆ ಇದ್ದಿರಲಾರದು. ನಾನು ಯೋಗ ಬೇಡ ಅನ್ನುತ್ತಿಲ್ಲ, ಈಗಲೂ ಮಾಡುತ್ತೇನೆ. ಹುಡುಗರಿಗೆ ಹೊಂದುವ ವೇಳಾಪಟ್ಟಿ ಹಾಗೇ ಅಮ್ಮನಿಗೆ ಹೊಂದುವುದಿಲ್ಲ ಅನ್ನುತ್ತಿದ್ದೇನೆ.

ಅಮ್ಮನಿಗೆ ಅರವತ್ತೆಂಟು. ಮಂಡಿ ನೋವು. ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗ ಅವರು "ವಾಕಿಂಗ್ ಮಾಡ್ತೀರಾಮ್ಮ?" ಅಂತ ಕೇಳಿದರು. ಅಮ್ಮ ನನ್ನ ಮುಖ ನೋಡಿದಳು. "ಕೂತ್ಕೊಳ್ಳೋದು ಯಾವಾಗ ಅಂತ ಕೇಳಿ ಸಾರ್, ಹೇಳ್ತೀನಿ" ಅಂದಳು.

ಮನೆಗೆ ಬಂದು ನನ್ನ ವಾಚನ್ನು ಅಮ್ಮನ ಕೈಗೆ ಕಟ್ಟಿದೆ. ಸುಮ್ನೆ, ಕುತೂಹಲಕ್ಕೆ. ಮಧ್ಯಾಹ್ನ ಎರಡರ ಹೊತ್ತಿಗೆ ಐದು ಸಾವಿರ ಹೆಜ್ಜೆ ದಾಟಿತ್ತು. ಮನೆಯಿಂದ ಹೊರಗೆ ಕಾಲಿಟ್ಟಿದ್ದು ಸೊಪ್ಪಿನ ಗಾಡಿಗೆ ಮಾತ್ರ.

ಹತ್ತು ಸಾವಿರ ಹೆಜ್ಜೆ ಅನ್ನುವ ಲೆಕ್ಕ ಎಲ್ಲಿಂದ ಬಂತು ಗೊತ್ತಾ? ಯಾವ ವೈದ್ಯರೂ ಬರೆದುಕೊಟ್ಟದ್ದಲ್ಲ. 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರುಕಟ್ಟೆಗೆ ಬಿಟ್ಟಿತು. ಹೆಸರು ಮಾನ್ಪೊ-ಕೆಯ್. ಹತ್ತು ಸಾವಿರ ಹೆಜ್ಜೆಯ ಮೀಟರ್ ಅಂತ ಅರ್ಥ. ಮಾರಾಟಕ್ಕೆ ಇಟ್ಟ ಹೆಸರು ಅರವತ್ತು ವರ್ಷ ಆದ ಮೇಲೂ ನಮ್ಮ ಕೈಗೆ ಕಟ್ಟಿಕೊಂಡೇ ಇದೆ. 2019ರಲ್ಲಿ ಅಮೆರಿಕದಲ್ಲಿ ವಯಸ್ಸಾದ ಹೆಂಗಸರ ಮೇಲೆ ಒಂದು ದೊಡ್ಡ ಅಧ್ಯಯನ ಬಂತು. ಅವರ ಸರಾಸರಿ ವಯಸ್ಸು 72. ದಿನಕ್ಕೆ ಸುಮಾರು 2,700 ಹೆಜ್ಜೆ ಹಾಕುವವರಿಗಿಂತ 4,400 ಹೆಜ್ಜೆ ಹಾಕುವವರಲ್ಲಿ ಸಾವು ಸ್ಪಷ್ಟವಾಗಿ ಕಮ್ಮಿ ಇತ್ತು. 7,500ರ ಹತ್ತಿರ ಆ ಲಾಭ ನಿಂತುಬಿಟ್ಟಿತು. ಅಂದರೆ ಅಮ್ಮನಿಗೆ ಹೆಜ್ಜೆಯ ಕೊರತೆ ಇರಲೇ ಇಲ್ಲ.

ಹಾಗಂತ ಮನೆಕೆಲಸವೇ ವ್ಯಾಯಾಮ, ನಮ್ಮಜ್ಜಿ ಜಿಮ್ಮಿಗೆ ಹೋಗಿದ್ದಳಾ ಅಂತ ಹೊರಡುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಅಜ್ಜಿಯ ಸೊಂಟ ಬಾಗಿದ್ದನ್ನು ನಾನು ನೋಡಿದ್ದೇನೆ. ಒಂದೇ ಕಡೆ ಗಂಟೆಗಟ್ಟಲೆ ನಿಂತರೆ ತೊಡೆಯ ಸ್ನಾಯು ಗಟ್ಟಿಯಾಗುವುದಿಲ್ಲ. ಮಂಡಿಯ ಭಾರ ಹೊರುವುದೇ ಆ ಸ್ನಾಯು. ಫಿಸಿಯೋಥೆರಪಿಯವರು ಅಮ್ಮನಿಗೆ ಎರಡು ಮೂರು ಸರಳ ವ್ಯಾಯಾಮ ಹೇಳಿಕೊಟ್ಟರು. ಕುರ್ಚಿ ಮೇಲೆ ಕೂತು ಕಾಲು ನೇರ ಮಾಡಿ ಐದು ಎಣಿಸುವುದು. ಮಂಡಿ ಕೆಳಗೆ ಸುತ್ತಿದ ಟವೆಲ್ ಇಟ್ಟು ಒತ್ತುವುದು. ಒಟ್ಟು ಇಪ್ಪತ್ತು ನಿಮಿಷ. ಖರ್ಚು ಸೊನ್ನೆ.

ಮೂರು ವಾರ ಆದರೂ ಅಮ್ಮ ಒಂದು ದಿನವೂ ಮಾಡಲಿಲ್ಲ.

ಆ ಹೊತ್ತಿಗೆ ನನಗೆ ಬುದ್ಧಿ ಬಂದಿತ್ತು ಅಂತ ಹೇಳಿಕೊಳ್ಳಲು ಆಸೆ. ಆದರೆ "ಯಾಕಮ್ಮ ಇಷ್ಟು ಸೋಮಾರಿತನ?" ಅಂತ ಕೇಳಿದವನು ನಾನೇ. ಅಮ್ಮ ಬೇಜಾರು ಮಾಡಿಕೊಳ್ಳಲಿಲ್ಲ. "ಯಾವಾಗ ಮಾಡ್ಲೋ? ಬೆಳಗ್ಗೆ ನಿಂದು ಅಂಬಲಿ, ಮಗುದು ಡಬ್ಬಿ. ಸಂಜೆ ದೀಪ ಹಚ್ಚಿ ಮುದ್ದೆಗೆ ಎಸರಿಡೋದ್ರೊಳಗೆ ಕಾಲು ಸೇದುತ್ತೆ" ಅಂದಳು. ನನ್ನ ಹೆಂಡತಿಯ ಕಥೆ ಬೇರೆ. ಅವಳು ಏಳೂಕಾಲಿಗೆ ಕಂಪನಿ ಬಸ್ ಹಿಡಿಯಬೇಕು. ಆರರಿಂದ ಏಳೂಕಾಲರವರೆಗೆ ಅವಳು ನಡೆದಿದ್ದನ್ನು ನಾನು ನೋಡಿಯೇ ಇಲ್ಲ, ಓಡುವುದೇ.

ಆಮೇಲೆ ಒಂದು ಕಾಗದ ತೆಗೆದುಕೊಂಡು ಕೂತೆವು. ಬೆಳಿಗ್ಗೆ ಐದರಿಂದ ಎಂಟರವರೆಗೆ ಯಾರು ಏನು ಮಾಡುತ್ತೇವೆ ಅಂತ ಬರೆದೆವು. ನನ್ನ ಸಾಲಿನಲ್ಲಿ ಇದ್ದದ್ದೆಲ್ಲ ನನ್ನ ದೇಹಕ್ಕೆ, ನನ್ನ ಮನಸ್ಸಿಗೆ ಮಾಡಿಕೊಳ್ಳುವ ಸೇವೆ. ಅವರಿಬ್ಬರ ಸಾಲಿನಲ್ಲಿ ಇದ್ದದ್ದೆಲ್ಲ ನನ್ನ ಹೊಟ್ಟೆ, ಮಗಳ ಡಬ್ಬಿ, ಎಲ್ಲರ ಬಟ್ಟೆ. ಒಂದು ಕಾಗದ ಅಷ್ಟು ಹೊತ್ತು ಎಲ್ಲರನ್ನೂ ಸುಮ್ಮನಿರಿಸಿದ್ದು ಅವತ್ತೇ.

ಈಗ ಬೆಳಗಿನ ಅಡುಗೆ ನನ್ನದು. ಭಾನುವಾರ ಬಿಟ್ಟು. ಭಾನುವಾರ ಯಾಕೆ ಬಿಟ್ಟು ಅಂತ ನನ್ನ ಹೆಂಡತಿ ಕೇಳುತ್ತಿದ್ದಾಳೆ, ಅದು ಇನ್ನೂ ಇತ್ಯರ್ಥ ಆಗಿಲ್ಲ. ಮೊದಲ ವಾರದ ಉಪ್ಪಿಟ್ಟನ್ನು ಗೋಡೆ ಬಿರುಕಿಗೆ ಮೆತ್ತಬಹುದಿತ್ತು. ನೀರು ಕೊತಕೊತ ಕುದಿಯುವಾಗ ರವೆಯನ್ನು ಧಾರೆಯಾಗಿ ಬಿಡುತ್ತ, ಇನ್ನೊಂದು ಕೈಯಲ್ಲಿ ತಿರುವಬೇಕು ಅನ್ನುವುದು ನಲವತ್ತೊಂದನೇ ವಯಸ್ಸಿಗೆ ಗೊತ್ತಾಯಿತು. ಧ್ಯಾನಕ್ಕಿಂತ ಜಾಸ್ತಿ ಏಕಾಗ್ರತೆ ಕೇಳುತ್ತದೆ, ಸುಳ್ಳಲ್ಲ. ಸೂರ್ಯನಮಸ್ಕಾರ ಹನ್ನೆರಡರಿಂದ ಆರಕ್ಕೆ ಇಳಿಯಿತು. ಏಳುವುದು ಐದೂವರೆಗೆ. ರಾತ್ರಿ ಹನ್ನೆರಡರವರೆಗೆ ಮೊಬೈಲ್ ನೋಡಿ ಐದಕ್ಕೆ ಏಳುವುದು ಸಾಧನೆ ಅಲ್ಲ, ನಿದ್ದೆಯ ಸಾಲ. ದೊಡ್ಡವರಿಗೆ ಏಳು ಗಂಟೆಯಾದರೂ ನಿದ್ದೆ ಬೇಕು ಅಂತ ವೈದ್ಯರು ಹೇಳುತ್ತಲೇ ಇದ್ದಾರೆ. ತೂಕ ಎರಡು ಕಿಲೋ ವಾಪಸ್ ಬಂದಿದೆ. ಇರಲಿ ಬಿಡಿ.

ಕೆಲವರು ಹೇಳುತ್ತಾರೆ, ಅಮ್ಮನಿಗೆ ಅಡುಗೆ ಮಾಡುವುದೇ ಖುಷಿ, ಅದನ್ನು ಯಾಕೆ ಕಿತ್ತುಕೊಳ್ಳುತ್ತೀಯಾ ಅಂತ. ಖುಷಿ ಇರಬಹುದು. ಹಬ್ಬಕ್ಕೆ ಒಬ್ಬಟ್ಟು ತಟ್ಟುವಾಗ ನಮ್ಮಮ್ಮನ ಮುಖ ನೋಡಬೇಕು. ಆದರೆ ವರ್ಷಕ್ಕೆ 365 ದಿನ, ನಾಲ್ಕೂವರೆಗೆ, ಮಂಡಿ ಹಿಡಿದುಕೊಂಡು ಖುಷಿ ಪಡುವವರು ಯಾರಪ್ಪ? ಇನ್ನು ಕೆಲವರು, ಅಡುಗೆಯವರನ್ನು ಇಟ್ಟುಕೊಳ್ಳಿ ಅನ್ನುತ್ತಾರೆ. ಇಟ್ಟುಕೊಳ್ಳಬಹುದು. ನಮ್ಮ ಬೀದಿಗೆ ಆರೂವರೆಗೆ ಬರುವ ಮನೆಕೆಲಸದ ಹೆಂಗಸು ತನ್ನ ಮನೆಯ ಅಡುಗೆ ಮುಗಿಸಿ ಬರಲು ಎಷ್ಟಕ್ಕೆ ಏಳುತ್ತಾಳೆ ಅನ್ನುವುದು ಮುಂದಿನ ಲೆಕ್ಕ. ಅದಕ್ಕೆ ನನ್ನ ಹತ್ತಿರ ಸುಲಭದ ಉತ್ತರ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆ 1948ರಲ್ಲಿ ಶುರುವಾದಾಗಲೇ, ಆರೋಗ್ಯ ಅಂದರೆ ಕಾಯಿಲೆ ಇಲ್ಲದಿರುವುದಷ್ಟೇ ಅಲ್ಲ, ದೇಹ, ಮನಸ್ಸು, ಸಾಮಾಜಿಕ ಬದುಕು ಮೂರೂ ಚೆನ್ನಾಗಿರುವುದು ಅಂತ ಬರೆದಿಟ್ಟಿತು. ಮೊದಲೆರಡಕ್ಕೆ ಆ್ಯಪ್‌ಗಳಿವೆ. ಮೂರನೆಯದು ಏನು ಅಂತ ನನಗೆ ಅರ್ಥ ಆಗಿದ್ದು ಅಮ್ಮ ಪಕ್ಕದ ಬೀದಿಯ ನಾಲ್ಕು ಜನರ ಜೊತೆ ಧರ್ಮಸ್ಥಳಕ್ಕೆ ಹೋಗಿಬಂದಾಗ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ ಉಚಿತ ಆಯಿತಲ್ಲ, ಅದರಲ್ಲೇ. ಸರ್ಕಾರದ ಖಜಾನೆ ಲೆಕ್ಕ ಬೇರೆ, ಅದನ್ನು ಬೇರೆಯವರು ಜಗಳವಾಡಲಿ. ಆದರೆ ಬಸ್ಸಿನಲ್ಲಿ ಅಷ್ಟು ಹೊತ್ತು ಕೂತು, ಸಾಲಿನಲ್ಲಿ ನಿಂತು ವಾಪಸ್ ಬಂದವಳು ಎರಡು ದಿನ ಮಂಡಿಯ ಸುದ್ದಿಯನ್ನೇ ಎತ್ತಲಿಲ್ಲ. ನೇತ್ರಾವತಿಯ ನೀರು ಎಷ್ಟಿತ್ತು, ಊಟದ ಸಾರು ಹೇಗಿತ್ತು, ಯಾರ ಸೊಸೆ ಏನಂದಳು, ಇದೇ ಮಾತು. ಇದಕ್ಕೂ ಮಂಡಿಗೂ ಏನು ಸಂಬಂಧ ಅಂತ ವೈದ್ಯರು ಹೇಳಬೇಕು. ನಾನು ನೋಡಿದ್ದು ಹೇಳಿದೆ.

ಈಗಲೂ ಅಮ್ಮನಿಗೆ ನಾಲ್ಕೂವರೆಗೇ ಎಚ್ಚರ ಆಗುತ್ತದೆ. ಅಭ್ಯಾಸ. ಸ್ವಲ್ಪ ಹೊತ್ತು ಹಾಸಿಗೆ ಮೇಲೆ ಕೂತಿರುತ್ತಾಳೆ, ಬಸ್ ತಪ್ಪಿಸಿಕೊಂಡವರ ಹಾಗೆ. ಆರಕ್ಕೆ ಕುರ್ಚಿ ಎಳೆದುಕೊಂಡು ಕಾಲು ಚಾಚುತ್ತಾಳೆ. ಒಂದು, ಎರಡು, ಮೂರು ಅಂತ ಎಣಿಸುವುದು ಅಡುಗೆಮನೆಗೆ ಕೇಳುತ್ತದೆ. ನಿನ್ನೆ ನಾಲ್ಕಕ್ಕೆ ನಿಂತಿತು. ಏನಾಯಿತೋ ಅಂತ ನಾನು ಬಾಗಿಲ ಕಡೆ ತಿರುಗುವುದರೊಳಗೆ ಅಲ್ಲಿಂದಲೇ ಕೂಗು ಬಂತು. "ಲೋ, ಒಗ್ಗರಣೆ ಸೀದೋಗ್ತಿದೆ, ಉರಿ ಸಣ್ಣ ಮಾಡೋ!" ಆಮೇಲೆ ಮತ್ತೆ ಒಂದರಿಂದ ಶುರು.