ಔಷಧಿ ಇಲ್ಲದ ಕಾಲದ ಡಾಕ್ಟರಮ್ಮ

(ದೃಶ್ಯ: ಬೆಳಗ್ಗೆ, ಹುಬ್ಬಳ್ಳಿ ಬಸ್ ಸ್ಟ್ಯಾಂಡ್. ಹಾವೇರಿ ಬಸ್ಸಿನಿಂದ ಜನ ಇಳಿಯುತ್ತಿದ್ದಾರೆ.)

ನಮಸ್ಕಾರ್ರೀ. ಇವರಲ್ಲಿ ಒಬ್ಬರು ಸೀದಾ ಇಲ್ಲಿನ ಸರ್ಕಾರಿ ಆಸ್ಪತ್ರೆ ಕಿಮ್ಸ್‌ನ ಎಆರ್‌ಟಿ ಕೇಂದ್ರಕ್ಕೆ, ಅಂದರೆ ಎಚ್‌ಐವಿ ಔಷಧಿ ಕೊಡುವಲ್ಲಿಗೆ, ಹೊರಟಿದ್ದಾರೆ ಅಂದುಕೊಳ್ಳಿ. ಎಚ್‌ಐವಿ ಮಾತ್ರೆ ಅವರ ಜಿಲ್ಲೆಯಲ್ಲೇ ಸಿಗುತ್ತದೆ. ಆದರೂ ಇಷ್ಟು ದೂರ ಯಾಕೆ? ತಮ್ಮ ಊರ ಕಡೆ ಪಾಳಿ ಹಚ್ಚಿದರೆ ಗುರುತಿನವರು ನೋಡುತ್ತಾರಲ್ಲ! ಮನೆಯಲ್ಲಿ ಹೇಳಿದ್ದು, ಸಂತೆಗೆ ಹೋಗಿ ಬರ್ತೀನಿ ಅಂತ.

ಈ ಅಂಜಿಕೆಯ ಜೊತೆ ಜೀವನವಿಡೀ ಗುದ್ದಾಡಿದವರು ಡಾ. ಸುನೀತಿ ಸಾಲೋಮನ್.

(ದೃಶ್ಯ: ಹಳೆಯ ಮದ್ರಾಸ್.)

1986. ಸುನೀತಿ ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಕಲಿಸುತ್ತಿದ್ದರು. ಏಡ್ಸ್ ಎಲ್ಲಾ ಫಾರಿನ್ನಿನ ರೋಗ, ನಮಗೆ ಬರಲ್ಲ ಬಿಡ್ರಿ ಅನ್ನುತ್ತಿದ್ದ ಕಾಲ. ಅವರ ವಿದ್ಯಾರ್ಥಿನಿ ನಿರ್ಮಲಾ ಸೆಲ್ಲಪ್ಪನ್ ಲೈಂಗಿಕ ವೃತ್ತಿಯ ಹೆಣ್ಣುಮಕ್ಕಳ ರಕ್ತದ ಸ್ಯಾಂಪಲ್ ತಂದರು. ಇಡುವುದು ಎಲ್ಲಿ? ಮನೆಯ ಫ್ರಿಜ್‌ನಲ್ಲಿ! ಪರೀಕ್ಷೆಗೆ ವೆಲ್ಲೂರಿಗೆ ಒಯ್ದರು. ಆರು ಪಾಸಿಟಿವ್ ಬಂದವು. ದೇಶದಲ್ಲಿ ಎಚ್‌ಐವಿ ಪತ್ತೆಯಾಗಿದ್ದು ಹೀಗೆ.

ಒಂದು ಪೇಪರ್ ಬರೆದು ಸುಮ್ನೆ ಇರಬಹುದಿತ್ತು. ಆದರೆ ಸೋಂಕು ಇದ್ದವರಲ್ಲಿ 13 ವರ್ಷದ ಹುಡುಗಿಯೂ ಇದ್ದಳು. ಯಾರೋ ಎತ್ತಿಕೊಂಡು ಹೋಗಿ ದಂಧೆಗೆ ಮಾರಿದ್ದರು. ಸುನೀತಿಗೆ ಆ ಮಗುವನ್ನು ಮರೆಯಲು ಆಗಲಿಲ್ಲ.

ಗಂಡ ವಿಕ್ಟರ್, ಹೃದಯದ ಸರ್ಜನ್. ಅವರಿಗೇ ಈ ಕೆಲಸ ಬೇಡವಾಗಿತ್ತು. ಮೊದಲು ರೋಗಿಗಳ ಕಥೆ ಕೇಳಿ ಅಂದರು ಸುನೀತಿ. 1993ರಲ್ಲಿ ವೈಆರ್‌ಜಿ ಕೇರ್ ಅಂತ ಎಚ್‌ಐವಿ ಇದ್ದವರ ಆರೈಕೆಯ ಸಂಸ್ಥೆ ಕಟ್ಟಿದರು.

ಆಗ ಔಷಧಿ ಕಡಿಮೆ, ಇದ್ದದ್ದೂ ಬಡವರ ಕೈಗೆ ಸಿಗದಷ್ಟು ತುಟ್ಟಿ. ಸರ್ಕಾರ ಉಚಿತ ಎಆರ್‌ಟಿ ಶುರುಮಾಡಿದ್ದೇ 2004ರಲ್ಲಿ. ಅಲ್ಲಿಯವರೆಗೆ ಅವರ ಹತ್ತಿರ ಜಾಸ್ತಿ ಇದ್ದದ್ದು ಮಾತು, ತಾಳ್ಮೆ. ಬೇರೆಯವರು ಮುಟ್ಟಲು ಅಂಜುತ್ತಿದ್ದವರನ್ನು ಮುಟ್ಟಿ ಮಾತಾಡಿಸಿದರು.

ನನಗೆ ತುಂಬಾ ಹಿಡಿಸಿದ್ದು ಇನ್ನೊಂದು ಕೆಲಸ. ಸೋಂಕು ಇದ್ದವರಿಗೆ ಸೋಂಕು ಇದ್ದವರನ್ನೇ ನೋಡಿ ಮದುವೆ ಕುದುರಿಸುತ್ತಿದ್ದರು! ಓದು, ಸಂಬಳ ಎಲ್ಲಾ ನೋಡೋರು. ಜೊತೆಗೆ ಸಿಡಿ4 ಎಣಿಕೆ, ಅಂದರೆ ರೋಗ ತಡೆಯುವ ಕಣಗಳ ಲೆಕ್ಕ. ಜಾತಕಕ್ಕಿಂತ ಇದೇ ಪಾಡು, ಅಲ್ವಾ?

2015ರ ಜುಲೈನಲ್ಲಿ ಅವರು ತೀರಿಕೊಂಡರು. ಪದ್ಮಶ್ರೀ ಬಂದಿದ್ದು 2017ರಲ್ಲಿ. ಅದೇ ವರ್ಷ ಎಚ್‌ಐವಿ ಕಾನೂನೂ ಬಂತು. ಸೋಂಕು ಇದೆ ಅಂತ ಬಾಡಿಗೆ ಮನೆ ಕೊಡದೆ ಕಳಿಸಿದರೂ ಈಗ ಅದು ತಪ್ಪು.

(ದೃಶ್ಯ: ಮಧ್ಯಾಹ್ನ, ಅದೇ ಬಸ್ ಸ್ಟ್ಯಾಂಡ್.)

ನಮ್ಮ ಹಾವೇರಿಯವರು ವಾಪಸ್ ಹೊರಟಿದ್ದಾರೆ. ಚೀಲದ ತಳದಲ್ಲಿ ಮಾತ್ರೆ ಡಬ್ಬಿ. ಅದರ ಮೇಲೆ ಎರಡು ಕಟ್ಟು ಮೆಂತ್ಯ ಸೊಪ್ಪು.