ಅಕ್ಕಿ ತೊಳೆಯುವ ಮುಂಚೆ ಒಂದು ಹಿಡಿ

ಕೇಳುಗರಿಗೆಲ್ಲ ನಮಸ್ಕಾರ.

ನಾನು ಸಣ್ಣವನಿದ್ದಾಗ ನಮ್ಮ ಅಡುಗೆಮನೆಯಲ್ಲಿ ಅಕ್ಕಿ ಡಬ್ಬದ ಪಕ್ಕ ಇನ್ನೊಂದು ಪುಟ್ಟ ಡಬ್ಬ ಇರುತ್ತಿತ್ತು. ತಗಡಿನದು. ಅಂಚು ತುಕ್ಕು ಹಿಡಿದಿತ್ತು. ಮುಚ್ಚಳ ತೆಗೆಯುವಾಗ ಕಿರ್ರ್ ಅಂತ ಸದ್ದು. ಆ ಸದ್ದು ಕೇಳಿದರೆ ಅಜ್ಜಿ ಅನ್ನಕ್ಕೆ ಇಡುತ್ತಿದ್ದಾರೆ ಅಂತ ಮನೆಗೆಲ್ಲ ಗೊತ್ತಾಗುತ್ತಿತ್ತು.

ಅಜ್ಜಿ ಕುಡ್ತೆಯಲ್ಲಿ ಕುಚ್ಚಲಕ್ಕಿ ಅಳೆಯುತ್ತಿದ್ದರು. ಕುಡ್ತೆ ಅಂದರೆ ನಮ್ಮ ಕರಾವಳಿ ಕಡೆಯ ಅಳತೆ. ನಾಲ್ಕು ಕುಡ್ತೆ ಪಾತ್ರೆಗೆ ಬಿದ್ದ ಮೇಲೆ, ನೀರು ಹಾಕುವ ಮುಂಚೆ, ಅದೇ ಪಾತ್ರೆಗೆ ಕೈ ಹಾಕಿ ಒಂದು ಹಿಡಿ ವಾಪಸ್ ತೆಗೆಯುತ್ತಿದ್ದರು. ಆ ಹಿಡಿ ಪುಟ್ಟ ಡಬ್ಬಕ್ಕೆ. ಆಮೇಲೆ ಅಕ್ಕಿ ತೊಳೆಯುವುದು, ಒಲೆಗೆ ಇಡುವುದು. ಭಾನುವಾರ ಡಬ್ಬದ ಅಕ್ಕಿಯನ್ನು ಬಟ್ಟೆ ಚೀಲಕ್ಕೆ ಸುರಿದು ಚರ್ಚಿಗೆ ಒಯ್ಯುತ್ತಿದ್ದೆವು. ನಮ್ಮ ಹಾಗೆ ಇನ್ನೂ ಎಷ್ಟೋ ಮನೆಯವರು ತರುತ್ತಿದ್ದರು. ಎಲ್ಲ ಸೇರಿ ದೊಡ್ಡ ಚೀಲವೊಂದು ತುಂಬುತ್ತಿತ್ತು. ದುಡಿಯುವವರಿಲ್ಲದ ಮನೆಗೋ, ಕಾಯಿಲೆ ಬಿದ್ದವರ ಮನೆಗೋ ಅದು ಹೋಗುತ್ತಿತ್ತು. ಯಾರ ಮನೆಗೆ ಅಂತ ನಮಗೆ ಮಕ್ಕಳಿಗೆ ಹೇಳುತ್ತಿರಲಿಲ್ಲ.

"ಅಜ್ಜೀ, ಅಳೆದು ಹಾಕಿದ ಮೇಲೆ ತೆಗೆಯುವುದು ಯಾಕೆ? ಡಬ್ಬದಿಂದಲೇ ತೆಗೆಯಬಹುದಲ್ವಾ?" ಅಂತ ಒಮ್ಮೆ ಕೇಳಿದ್ದೆ. ಅವರು ಹೇಳಿದ್ದು ಇಷ್ಟೇ: "ಡಬ್ಬದ್ದು ನಾಳಿನ ಅಕ್ಕಿ ಮಗಾ. ಪಾತ್ರೆಯದ್ದು ಇವತ್ತಿನ ಊಟ."

ಈ ಮಾತು ಅರ್ಥವಾಗಲು ನನಗೆ ಬಹಳ ವರ್ಷ ಬೇಕಾಯಿತು. ಅಜ್ಜಿ ಕೊಡುತ್ತಿದ್ದದ್ದು ತಮ್ಮ ತಟ್ಟೆಯ ಪಾಲನ್ನು. ಆಟಿ ತಿಂಗಳಲ್ಲಿ ಮಳೆ ಹಿಡಿದು ಕೂತಾಗ ಕೆಲಸ ಇರುತ್ತಿರಲಿಲ್ಲ, ಕೈಯಲ್ಲಿ ಕಾಸು ಇರುತ್ತಿರಲಿಲ್ಲ. ನಾಲ್ಕು ಕುಡ್ತೆ ಮೂರಕ್ಕೆ ಇಳಿಯುತ್ತಿತ್ತು. ಗಂಜಿ ನೀರಾಗುತ್ತಿತ್ತು. ಆದರೂ ಮುಚ್ಚಳ ಕಿರ್ರ್ ಅನ್ನುವುದು ನಿಲ್ಲುತ್ತಿರಲಿಲ್ಲ.

ಇದು ನಮ್ಮ ಮನೆಯಲ್ಲಿ ಮಾತ್ರ ಇದ್ದ ರೂಢಿ ಅಲ್ಲ. ಮಿಜೋರಾಮಿನಲ್ಲಿ ಇದಕ್ಕೆ ಬುಹ್‌ಫಾಯ್ ಥಾಮ್ ಅನ್ನುತ್ತಾರೆ. ಹಿಡಿ ಅಕ್ಕಿ ಅಂತಲೇ ಅರ್ಥ. ಅಲ್ಲಿಯ ಪ್ರೆಸ್ಬಿಟೇರಿಯನ್ ಕ್ರೈಸ್ತ ಸಭೆಯಲ್ಲಿ 1910ರಲ್ಲಿ ಶುರುವಾದದ್ದು ಇವತ್ತಿಗೂ ನಡೆಯುತ್ತಿದೆ. ಮನೆಯಲ್ಲಿ ಅನ್ನಕ್ಕೆ ಇಟ್ಟಾಗಲೆಲ್ಲ ಒಂದು ಹಿಡಿ ತೆಗೆದಿಡುತ್ತಾರೆ. ಸಭೆಯ ಹೆಂಗಸರು ಮನೆಮನೆಗೆ ಹೋಗಿ ಅದನ್ನು ಕೂಡಿಸುತ್ತಾರೆ. ಆ ಅಕ್ಕಿ ಮಾರಿ ಬಂದ ಹಣ ಸಭೆಯ ಸೇವೆಗೆ ಹೋಗುತ್ತದೆ. ಈಗ ಅದು ವರ್ಷಕ್ಕೆ ಕೋಟಿಗಟ್ಟಲೆ ರೂಪಾಯಿ ಆಗುತ್ತದೆ. ಅಲ್ಲಿಯವರು ಹೇಳುವುದು ಕೇಳಿ: ದಿನಾ ಉಣ್ಣಲು ಏನಾದರೂ ಇರುವ ತನಕ ದಿನಾ ದೇವರಿಗೆ ಕೊಡಲೂ ಏನಾದರೂ ಇರುತ್ತದಂತೆ. ಬೆಟ್ಟದ ಇಳಿಜಾರಿನಲ್ಲಿ ಕಷ್ಟಪಟ್ಟು ಭತ್ತ ಬೆಳೆದ ಜನರ ಮಾತು ಇದು. ಅದಕ್ಕೇ ಇದಕ್ಕೆ ತೂಕ ಜಾಸ್ತಿ.

ಯೋಚಿಸಿದರೆ ಬೈಬಲಿನಲ್ಲಿ ಪೌಲನು ಕೊರಿಂಥದ ಸಭೆಯವರಿಗೆ ಬರೆದದ್ದೂ ಇದನ್ನೇ. ಮೊದಲ ಪತ್ರದ ಕೊನೇ ಅಧ್ಯಾಯ ತೆಗೆದು ನೋಡಿ. ಜೆರುಸಲೇಮಿನಲ್ಲಿ ಕಷ್ಟದಲ್ಲಿದ್ದವರಿಗೆ ಸಹಾಯ ಬೇಕಿತ್ತು. ನಾನು ಬಂದಾಗ ಎಲ್ಲರೂ ಜೇಬು ತಡಕುವುದು ಬೇಡ, ವಾರದ ಮೊದಲನೇ ದಿನ ಒಬ್ಬೊಬ್ಬರೂ ತಮ್ಮ ಸಂಪಾದನೆಗೆ ತಕ್ಕ ಹಾಗೆ ಮನೆಯಲ್ಲೇ ತೆಗೆದಿಡಿ ಅನ್ನುತ್ತಾನೆ. ಆ ದಿನಕ್ಕೆ ಮನಸ್ಸು ಕರಗಿ ಕೊಡುವುದು ಒಳ್ಳೆಯದೇ. ಆದರೆ ಮನಸ್ಸು ದಿನಾ ಕರಗುವುದಿಲ್ಲ, ಅಲ್ವಾ? ಹಸಿವು ಮಾತ್ರ ದಿನಾ ಆಗುತ್ತದೆ. ಅದಕ್ಕೇ ಕೊಡುವುದು ರೂಢಿ ಆಗಬೇಕು. ಹಲ್ಲು ಉಜ್ಜುವ ಹಾಗೆ, ದೀಪ ಹಚ್ಚುವ ಹಾಗೆ.

ಈ ಸಣ್ಣ ರೂಢಿಯಿಂದ ನಮ್ಮ ಕನ್ನಡನಾಡಿಗೂ ಲಾಭವಾಗಿದೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರ ಶಾಲೆ, ಅಚ್ಚುಕೂಟ, ಹೆಂಚಿನ ಕಾರ್ಖಾನೆ ಎಲ್ಲರಿಗೂ ಗೊತ್ತು. ಆ ಮಿಷನ್ನಿಗೆ ದುಡ್ಡು ಎಲ್ಲಿಂದ ಬರುತ್ತಿತ್ತು ಅನ್ನುವುದು ಅಷ್ಟಾಗಿ ಗೊತ್ತಿಲ್ಲ. ಸಾಹುಕಾರರೂ ಕೊಟ್ಟಿದ್ದಾರೆ, ನಿಜ. ಆದರೆ 1855ರಲ್ಲಿ ಅವರ ಊರಿನ ಕಡೆ ಅರ್ಧ ಬಾಟ್ಸೆನ್ ಕಾಣಿಕೆ ಅಂತ ಒಂದು ಶುರುವಾಯಿತು. ಬಾಟ್ಸೆನ್ ಅಂದರೆ ಸ್ವಿಟ್ಜರ್ಲೆಂಡಿನ ಹಳೇ ಚಿಲ್ಲರೆ ನಾಣ್ಯ. ಅದರಲ್ಲಿ ಅರ್ಧ. ವಾರಕ್ಕೆ ಅಷ್ಟು ಕೊಟ್ಟರೆ ಸಾಕು. ಯಾರ ಕೈಗೂ ಎಟುಕುವಷ್ಟು ಸಣ್ಣ ಮೊತ್ತ. ಆ ಚಿಲ್ಲರೆ ವಾರ ವಾರ ಕೂಡಿ, ಸಾಲದಲ್ಲಿದ್ದ ಮಿಷನ್ನಿಗೆ ದೊಡ್ಡ ಆಸರೆಯಾಯಿತು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ದೊಡ್ಡ ಕನ್ನಡ ನಿಘಂಟು ಇದೆಯಲ್ಲ, ಅದನ್ನು ಬರೆದ ಕಿಟೆಲ್ ಇದೇ ಮಿಷನ್ನಿನವರು. ಎಲ್ಲೋ ಒಂದು ಹಳ್ಳಿಯಲ್ಲಿ ಹಾಲು ಕರೆಯುವ ಹೆಂಗಸು ಸೆರಗಿನ ಗಂಟಿನಂಥ ಗಂಟು ಬಿಚ್ಚಿ ಆ ನಾಣ್ಯ ಕೊಟ್ಟಿರಬಹುದು. ಕನ್ನಡ ಅನ್ನುವ ಹೆಸರನ್ನೂ ಆಕೆ ಕೇಳಿರಲಿಕ್ಕಿಲ್ಲ. ನಾನು ನಿಘಂಟು ತೆರೆದಾಗಲೆಲ್ಲ ಆಕೆ ನೆನಪಾಗುತ್ತಾಳೆ.

ಇನ್ನು ನನ್ನ ಸ್ವಂತ ಅನುಭವ ಒಂದು ಹೇಳಬೇಕು. ಹೇಳಲು ಸಂಕೋಚವೇ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದು ಎಷ್ಟೋ ಮನೆ ಹೋದವು. ಎಲ್ಲ ಕಡೆ ಬಟ್ಟೆ, ಹೊದಿಕೆ, ದಿನಸಿ ಕೂಡಿಸುತ್ತಿದ್ದರು. ನಾನೂ ಉತ್ಸಾಹದಿಂದ ಬೀರು ತೆರೆದೆ. ಬಣ್ಣ ಹೋದ ಅಂಗಿ, ಜಿಪ್ ಕೆಟ್ಟ ಪ್ಯಾಂಟು, ಮೊಣಕೈ ಸವೆದ ಸ್ವೆಟರ್, ಎಲ್ಲ ಒಂದು ಚೀಲಕ್ಕೆ ತುಂಬಿದೆ. ಬೀರು ಖಾಲಿಯಾಯಿತು, ಮನಸ್ಸಿಗೂ ಹಗುರ ಅನ್ನಿಸಿತು. ಅಮ್ಮ ಬಂದು ಚೀಲ ಬಿಚ್ಚಿದರು. ಒಂದು ಅಂಗಿ ಎತ್ತಿ ಹಿಡಿದರು. ಎರಡು ಗುಂಡಿ ಇರಲಿಲ್ಲ. "ಇದನ್ನು ಹಾಕಿಕೊಂಡು ನೀನು ನಾಳೆ ಚರ್ಚಿಗೆ ಬರ್ತೀಯಾ?" ಅಂದರು.

ನನಗೆ ಉತ್ತರ ಹೊಳೆಯಲಿಲ್ಲ. ಅಮ್ಮ ಬೈಯಲಿಲ್ಲ. ಒಳಗಿನಿಂದ ತಮ್ಮ ಒಂದು ಹೊಸ ಹೊದಿಕೆ ತಂದರು. ಮಡಿಕೆಯೂ ಬಿಚ್ಚಿರಲಿಲ್ಲ. ಅದನ್ನು ಚೀಲದಲ್ಲಿಟ್ಟು, ನಾನು ತುಂಬಿದ್ದರಲ್ಲಿ ಅರ್ಧ ತೆಗೆದು ನೆಲ ಒರೆಸಲು ಇಟ್ಟುಕೊಂಡರು. ನನ್ನ ಬೀರು ಸ್ವಚ್ಛ ಮಾಡಿದ್ದನ್ನೇ ನಾನು ದಾನ ಅಂದುಕೊಂಡಿದ್ದೆ. ಮನೆ ಕಳೆದುಕೊಂಡು ಚಳಿಯಲ್ಲಿ ಕೂತವರ ಕೈಗೆ ಗುಂಡಿ ಇಲ್ಲದ ಅಂಗಿ ಕೊಡಲು ಹೊರಟಿದ್ದೆ. ಡಬ್ಬದ ಅಕ್ಕಿಯೂ ಅಲ್ಲ, ಡಬ್ಬದ ತಳದ ನುಚ್ಚು ನಾನು ಕೊಟ್ಟದ್ದು.

ಬಡ ವಿಧವೆ ಎರಡು ಕಾಸು ಹಾಕಿದ ಕಥೆ ನಾವೆಲ್ಲ ಸಂಡೇ ಸ್ಕೂಲಿನಿಂದ ಕೇಳಿದ್ದೇವೆ. ಮಾರ್ಕನ ಸುವಾರ್ತೆಯ ಹನ್ನೆರಡನೇ ಅಧ್ಯಾಯ. ಯೇಸು ಕಾಣಿಕೆ ಪೆಟ್ಟಿಗೆಯ ಎದುರು ಕೂತು ಯಾರು ಯಾರು ಏನು ಹಾಕುತ್ತಾರೆ ಅಂತ ನೋಡುತ್ತಾನೆ. ಈ ಕಥೆ ಓದುವಾಗ ಅದರ ಹಿಂದಿನ ವಾಕ್ಯವನ್ನು ನಾವು ಬಿಟ್ಟುಬಿಡುತ್ತೇವೆ. ಅಲ್ಲಿ ಯೇಸು, ವಿಧವೆಯರ ಮನೆಗಳನ್ನು ನುಂಗಿ ಉದ್ದುದ್ದ ಪ್ರಾರ್ಥನೆ ಮಾಡುವವರನ್ನು ಗದರಿಸಿದ್ದಾನೆ. ಅದರ ಬೆನ್ನಿಗೇ ಬರುತ್ತಾಳೆ ಈ ವಿಧವೆ. ಈ ಎರಡನ್ನೂ ಒಟ್ಟಿಗೆ ಓದಬೇಕು ಅಂತ ನನಗೆ ಅನ್ನಿಸುತ್ತದೆ. ಒಂದು ಕೈಯಲ್ಲಿ ಕಸಿದುಕೊಂಡು ಇನ್ನೊಂದು ಕೈಯಲ್ಲಿ ಕಾಣಿಕೆ ಹಾಕಿದರೆ ದೇವರಿಗೆ ಗೊತ್ತಾಗುವುದಿಲ್ಲವೇ?

ದಯವಿಟ್ಟು ನಮ್ಮ ನಮ್ಮ ಮನೆಯ ಕಡೆಗೇ ನೋಡೋಣ. ಪಾತ್ರೆ ತೊಳೆಯಲು ಬರುವವರ ಸಂಬಳ ಯಾವ ತಾರೀಖಿಗೆ ಕೊಡುತ್ತೇವೆ? "ಎಟಿಎಮ್ಮಿಗೆ ಹೋಗಿಲ್ಲಮ್ಮ, ನಾಡಿದ್ದು ಕೊಡ್ತೇನೆ" ಅಂತ ಎಷ್ಟು ಸಲ ಹೇಳಿದ್ದೇವೆ? ನಮಗೆ ಅದು ಸಣ್ಣ ಮರೆವು. ಅವರಿಗೆ ಅದು ಮಗುವಿನ ಶಾಲೆಯ ಫೀಸು, ಅಂಗಡಿಯ ಬಾಕಿ. ಬೈಬಲಿನ ಯಾಜಕಕಾಂಡದ ಹತ್ತೊಂಬತ್ತನೇ ಅಧ್ಯಾಯದಲ್ಲಿ ಕೂಲಿಯವನ ಕೂಲಿಯನ್ನು ಬೆಳಗಿನ ತನಕ ನಿನ್ನ ಹತ್ತಿರ ಇಟ್ಟುಕೊಳ್ಳಬೇಡ ಅಂತ ಇದೆ. ಬೆಳಗಿನ ತನಕವೂ ಬೇಡ! ಇದು ದಾನದ ಮಾತಲ್ಲ, ಬಾಕಿ ತೀರಿಸುವ ಮಾತು. ಕೊಡುವ ಮನಸ್ಸು ಇಲ್ಲಿಂದಲೇ ಶುರುವಾಗಬೇಕು. ತರಕಾರಿ ಗಾಡಿಯವರ ಹತ್ತಿರ ಐದು ರೂಪಾಯಿಗೆ ಜಗ್ಗಾಡಿ, ಆ ಐದು ರೂಪಾಯಿಯನ್ನೇ ಭಾನುವಾರ ಕಾಣಿಕೆ ಚೀಲಕ್ಕೆ ಹಾಕಿದರೆ, ಆ ಕಾಣಿಕೆ ನಿಜವಾಗಿ ಯಾರದ್ದು?

ಅದೇ ಅಧ್ಯಾಯದಲ್ಲಿ ಇನ್ನೊಂದು ಚೆಂದದ ನಿಯಮ ಇದೆ. ಪೈರು ಕೊಯ್ಯುವಾಗ ಹೊಲದ ಮೂಲೆ ಮೂಲೆಯ ತನಕ ಕೊಯ್ಯಬೇಡ. ಕೆಳಗೆ ಬಿದ್ದ ತೆನೆ ಹೆಕ್ಕಬೇಡ. ಬಡವರಿಗೂ ಪರದೇಶಿಗಳಿಗೂ ಬಿಟ್ಟುಬಿಡು. ಗಂಡನನ್ನು ಕಳೆದುಕೊಂಡ ರೂತಳು ಬೋವಜನ ಹೊಲದಲ್ಲಿ ತೆನೆ ಆಯ್ದದ್ದು ಇದೇ ನಿಯಮದಿಂದ. ಇಲ್ಲಿ ನನಗೆ ಹಿಡಿಸುವುದು ಏನು ಗೊತ್ತಾ? ರೂತಳು ಯಾರ ಮನೆ ಬಾಗಿಲಿಗೂ ಹೋಗಿ ಕೈ ಚಾಚಬೇಕಾಗಲಿಲ್ಲ. ಬಿಸಿಲಲ್ಲಿ ಬೆನ್ನು ಬಗ್ಗಿಸಿ ತಾನೇ ಹೆಕ್ಕಿಕೊಂಡಳು. ಸಂಜೆ ಅತ್ತೆಯ ಮುಂದೆ ಸುರಿದಾಗ ಅದು ಅವಳ ದುಡಿಮೆಯಾಗಿತ್ತು. ಕೊಡುವಾಗ ತೆಗೆದುಕೊಳ್ಳುವವರ ತಲೆ ತಗ್ಗದ ಹಾಗೆ ಕೊಡುವುದು ಅಂದರೆ ಇದು. ಈಗ ಒಂದು ಕಿಟ್ ಅಕ್ಕಿ ಬೇಳೆ ಕೊಡುವಾಗಲೂ ನಾಲ್ಕು ಜನ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಆ ಫೋಟೋದಲ್ಲಿರುವ ತಾಯಿಯ ಮುಖ ಒಮ್ಮೆ ಗಮನವಿಟ್ಟು ನೋಡಿ. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗದಿರಲಿ ಅಂತ ಯೇಸು ಹೇಳಿದ್ದು ಕೊಡುವವರ ಒಳ್ಳೆಯದಕ್ಕೆ ಅಂತ ನಾವು ತಿಳಿದಿದ್ದೇವೆ. ತೆಗೆದುಕೊಳ್ಳುವವರ ಒಳ್ಳೆಯದಕ್ಕೂ ಹೌದು.

ಹಾಗಂತ ಎಲ್ಲ ಕೊಡುಗೆಯೂ ಗುಟ್ಟಾಗಿಯೇ ನಡೆಯಬೇಕು ಅಂತಲ್ಲ. ನಮ್ಮ ಬೆಳೆ ಹಬ್ಬದ ಗಲಾಟೆ ನನಗೆ ಬಹಳ ಇಷ್ಟ. ಬಾಳೆಗೊನೆ, ಕುಂಬಳಕಾಯಿ, ತೆಂಗಿನಕಾಯಿ, ಮಲ್ಲಿಗೆ ಚೆಂಡು, ಕಾಲು ಕಟ್ಟಿದ ಕೋಳಿ, ಎಲ್ಲ ಚರ್ಚಿನ ಮುಂದೆ ಬಂದು ಕೂರುತ್ತವೆ. ಆರಾಧನೆ ಮುಗಿದ ಮೇಲೆ ಹರಾಜು. ಒಬ್ಬರು ಒಂದು ತೆಂಗಿನಕಾಯಿಯನ್ನು ಇನ್ನೂರಕ್ಕೆ ಕೂಗಿ ತೆಗೆದುಕೊಳ್ಳುತ್ತಾರೆ. ದುಡ್ಡು ಕೊಟ್ಟು, ಕಾಯಿಯನ್ನು ಮತ್ತೆ ಹರಾಜಿಗೇ ಇಡುತ್ತಾರೆ. ಇನ್ನೊಬ್ಬರು ಮುನ್ನೂರಕ್ಕೆ ಕೂಗುತ್ತಾರೆ. ಅವರೂ ವಾಪಸ್ ಇಡುತ್ತಾರೆ. ಒಂದೇ ಕಾಯಿ ಐದಾರು ಕೈ ದಾಟುತ್ತದೆ. ಎಲ್ಲರ ಮುಖದಲ್ಲೂ ನಗು. ಸಂತೋಷದಿಂದ ಕೊಡುವವರನ್ನು ಕಂಡರೆ ದೇವರಿಗೆ ಪ್ರೀತಿ ಅಂತ ಪೌಲನು ಬರೆದದ್ದು ನನಗೆ ಕಣ್ಣಿಗೆ ಕಾಣುವುದು ಅಲ್ಲಿ.

ನಮ್ಮ ಕಥೋಲಿಕ ನೆರೆಯವರ ತೆನೆ ಹಬ್ಬವೂ ಹಾಗೆಯೇ. ಸೆಪ್ಟೆಂಬರ್ 8, ಕನ್ಯಾ ಮರಿಯಮ್ಮನವರ ಹುಟ್ಟುಹಬ್ಬ. ಚರ್ಚಿನಲ್ಲಿ ಆಶೀರ್ವದಿಸಿದ ಭತ್ತದ ತೆನೆಯನ್ನು ಮನೆಮನೆಗೆ ಹಂಚುತ್ತಾರೆ. ಆ ಕೆಲವೇ ಕಾಳು ಸುಲಿದು ಹಾಲಿಗೋ ಪಾಯಸಕ್ಕೋ ಹಾಕಿ ಮನೆಯವರೆಲ್ಲ ಕುಡಿಯುತ್ತಾರೆ. ಊರಿಗೆ ಬರಲಾಗದೆ ಗಲ್ಫಿನಲ್ಲಿ, ಮುಂಬೈಯಲ್ಲಿ ಇರುವವರಿಗೆ ಎರಡು ಕಾಳು ಲಕೋಟೆಯಲ್ಲಿ ಹಾಕಿ ಕಳಿಸುವವರೂ ಇದ್ದಾರೆ. ಎರಡು ಕಾಳಿನಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ. ಆದರೆ ನಿನ್ನ ಪಾಲು ತೆಗೆದಿಟ್ಟಿದ್ದೇವೆ ಅನ್ನುವ ಸುದ್ದಿ ಸಮುದ್ರ ದಾಟಿ ಹೋಗುತ್ತದೆ.

ಅಕ್ಕಿ, ದುಡ್ಡು ಇಲ್ಲದವರು ಏನು ಕೊಡಬೇಕು ಅಂತ ಕೆಲವರು ಕೇಳುತ್ತಾರೆ. ಸಮಯವೂ ಅಕ್ಕಿಯ ಹಾಗೆಯೇ. ಅದರಲ್ಲೂ ಮೊದಲು ತೆಗೆದಿಡದಿದ್ದರೆ ಕೊನೆಗೆ ಏನೂ ಉಳಿಯುವುದಿಲ್ಲ. ನಮ್ಮ ಬೀದಿಯಲ್ಲಿ ಒಬ್ಬರು ವಯಸ್ಸಾದ ಅಮ್ಮ ಒಬ್ಬರೇ ಇದ್ದಾರೆ. ಮಕ್ಕಳು ದೂರ. "ಬಿಡುವಾದಾಗ ಹೋಗಿ ಮಾತಾಡಿಸೋಣ" ಅಂತ ನಾನು ಎರಡು ವರ್ಷ ಅಂದುಕೊಂಡೆ. ಬಿಡುವು ಆಗಲೇ ಇಲ್ಲ. ಆಮೇಲೆ ಗುರುವಾರ ಸಂಜೆ ಅರ್ಧ ಗಂಟೆ ಅಂತ ಗಟ್ಟಿ ಮಾಡಿಕೊಂಡೆ. ಈಗ ಗುರುವಾರ ಐದಕ್ಕೆ ಅವರು ಗೇಟಿನ ಚಿಲಕ ತೆಗೆದಿಟ್ಟಿರುತ್ತಾರೆ. ಹೆಚ್ಚಿನ ದಿನ ನಾನು ಸುಮ್ನೆ ಕೇಳುತ್ತಾ ಕೂರುತ್ತೇನೆ. ಕೇಳಿದ ಕಥೆಯೇ ಮತ್ತೆ ಬರುತ್ತದೆ. ಪರವಾಗಿಲ್ಲ. ಹೊರಡುವಾಗ ಅವರು ನನ್ನ ಕೈಗೆ ನಾಲ್ಕು ಬಿಸ್ಕತ್ತು ಕಾಗದದಲ್ಲಿ ಸುತ್ತಿ ಕೊಡುತ್ತಾರೆ, ಮಗಳಿಗೆ ಅಂತ. ಮೊದಮೊದಲು ಬೇಡ ಬೇಡ ಅನ್ನುತ್ತಿದ್ದೆ. ಈಗ ಎರಡೂ ಕೈ ಚಾಚಿ ತೆಗೆದುಕೊಳ್ಳುತ್ತೇನೆ. ಅವರಿಗೂ ಕೊಡಬೇಕು ಅನ್ನಿಸುತ್ತದೆ. ಅದನ್ನು ತಡೆಯಲು ನಾನು ಯಾರು?

ಅಜ್ಜಿ ಹೋಗಿ ಬಹಳ ವರ್ಷವಾಯಿತು. ಈಗ ನಮ್ಮ ಮನೆಯಲ್ಲಿ ಕುಕ್ಕರಿನಲ್ಲಿ ಅನ್ನ. ಅಳೆಯುವುದು ಸ್ಟೀಲ್ ಲೋಟದಲ್ಲಿ. ಆ ತಗಡಿನ ಡಬ್ಬ ತಳ ತೂತಾಗಿ ಹೋಯಿತು. ಅದರ ಜಾಗದಲ್ಲಿ ಒಂದು ಪ್ಲಾಸ್ಟಿಕ್ ಡಬ್ಬ ಇಟ್ಟಿದ್ದೇವೆ. ಹಿಡಿ ತೆಗೆಯುವ ಕೆಲಸ ಮಗಳದ್ದು. ಏಳು ವರ್ಷದ ಕೈ, ಹಿಡಿ ಪುಟ್ಟದು. ಅರ್ಧ ಅಕ್ಕಿ ಬೆರಳ ಸಂದಿಯಿಂದ ಜಾರಿ ಪಾತ್ರೆಗೇ ಬೀಳುತ್ತದೆ. ಅವಳಿಗೆ ಅದು ಸಮಾಧಾನ ಇಲ್ಲ. ಮತ್ತೆ ಕೈ ಹಾಕುತ್ತಾಳೆ.

ನಿನ್ನೆ ಡಬ್ಬ ಎತ್ತಿ ನೋಡಿದೆ. ಮುಕ್ಕಾಲು ತುಂಬಿದೆ. ಭಾನುವಾರ ಒಯ್ಯಬೇಕು.

ನಮಸ್ಕಾರ.